ಲಾಭ ಎಂಬ ಖಾಲಿ ಗೂಡು

ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗೊಮ್ಮೆ ಈಗೊಮ್ಮೆ ಮನೆಗೆ ಬಂದು, "ಮೇಡಂ, ಅಷ್ಟು ವರ್ಷ ನೀವು ಏನು ಮಾಡ್ತಾ ಇದ್ರಿ?" ಎಂದು ಕೇಳುತ್ತಾರೆ. "ವಾರ್ನಿಂಗ್ ತೆಗೀತಾ ಇದ್ದೆ" ಎಂದರೆ ನಗುತ್ತಾರೆ. ನಗಲಿ ಬಿಡಿ. ಹೊಸ ಪ್ರೋಗ್ರಾಮು ಬರೆದವರಿಗೆ ಹೆಸರು ಬರುತ್ತದೆ, ಹಳೆಯದನ್ನು ಗುಡಿಸಿ ಸಾರಿಸಿದವರಿಗೆ ಸೊಂಟನೋವು ಬರುತ್ತದೆ. ಆದರೂ ನನ್ನ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಆ ಗುಡಿಸಿದ್ದರ ಬಗ್ಗೆಯೇ. ಬಡ್ತಿ ಗಿಡ್ತಿ ನಮ್ಮಲ್ಲಿ ಇರಲೂ ಇಲ್ಲ, ಇದ್ದಿದ್ದರೂ ಅದನ್ನು ಬರೆಯಲು ನಾನು ಪೆನ್ನು ಹಿಡಿಯುತ್ತಿರಲಿಲ್ಲ.

ನಾನು ಯಳಂದೂರಿನವಳು, ಹೆಸರು ಸರ್ವಮಂಗಳ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಿ.ಎಸ್ಸಿ. ಮುಗಿಸಿ, ಮೈಸೂರಿನಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದಿದ್ದೆ. ಕೊಳ್ಳೇಗಾಲದಲ್ಲಿ ಒಂದು ರೇಷ್ಮೆ ಸೀರೆ ಅಂಗಡಿಯ ಮಹಡಿ ಮೇಲೆ ಎರಡು ಕೋಣೆಯ ಒಂದು ಕಚೇರಿ ಇತ್ತು. ಕರೆಂಟಿನ ತಕ್ಕಡಿಗೆ ಕಂಪ್ಯೂಟರ್ ಜೋಡಿಸಿಕೊಡುವುದು ಅಲ್ಲಿನ ಕೆಲಸ. ತಕ್ಕಡಿ ಮೇಲೆ ಚೀಲ ಇಟ್ಟರೆ ತೂಕ ಕಂಪ್ಯೂಟರಿಗೆ ಹೋಗಬೇಕು, ಕೊನೆಗೆ ಒಟ್ಟು ತೂಕದ ಚೀಟಿ ಅಚ್ಚಾಗಿ ಬರಬೇಕು. ಯಳಂದೂರಿನ ಭತ್ತದ ಮಿಲ್ಲುಗಳು, ಸತ್ತೇಗಾಲದ ಕಡೆಯ ಬೆಲ್ಲದ ವ್ಯಾಪಾರಿಗಳು, ಹನೂರಿನ ರಾಗಿ ಮಂಡಿಗಳು ನಮ್ಮ ಗಿರಾಕಿಗಳು.

ಯಜಮಾನರು ಗುರುಮಲ್ಲಪ್ಪನವರು. ಬಂಡಳ್ಳಿಯವರು, ಮೂರು ತಲೆಮಾರಿನಿಂದ ಧಾನ್ಯದ ವ್ಯಾಪಾರ ಮಾಡಿದ ಮನೆತನ. ಇಂಜಿನಿಯರಿಂಗ್ ಓದಿ ಊರಿಗೇ ವಾಪಸು ಬಂದು, ಪುಸ್ತಕ ಇಟ್ಟುಕೊಂಡು ತಾವೇ ಸಿ ಭಾಷೆ ಕಲಿತು ಒಂದು ಲೈಬ್ರರಿ ಬರೆದಿದ್ದರು. ಲೈಬ್ರರಿ ಎಂದರೆ ನಮ್ಮ ಕಸುಬಿನಲ್ಲಿ ಪುಸ್ತಕದ ಮನೆಯಲ್ಲ. ತೂಕ ಓದುವುದು, ಕೂಡುವುದು, ತಾರೀಖು ಹಾಕುವುದು, ಚೀಟಿ ಅಚ್ಚು ಹಾಕುವುದು, ಹೀಗೆ ಪದೇ ಪದೇ ಬೇಕಾಗುವ ಕೆಲಸಗಳನ್ನು ಒಮ್ಮೆ ಬರೆದಿಟ್ಟ ಗಂಟು. ನಮ್ಮ ಎಲ್ಲ ಪ್ರೋಗ್ರಾಮುಗಳೂ ಆ ಗಂಟಿನಿಂದಲೇ ಬಿಚ್ಚಿ ತೆಗೆದವು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಗುರುಮಲ್ಲಪ್ಪನವರಿಗೆ ಅದರ ಒಂದು ಸಾಲನ್ನೂ ಯಾರೂ ಮುಟ್ಟಬಾರದು.

ನಾವು ಬರೆದ ಸಿ ಭಾಷೆಯನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ಬರೆದದ್ದು ತಪ್ಪಾಗಿದ್ದರೆ ಅದು ಎರರ್ ಎಂದು ನಿಂತುಬಿಡುತ್ತದೆ. ತಪ್ಪೇನಲ್ಲ ಆದರೆ ಯಾಕೋ ಅನುಮಾನ ಎನಿಸಿದರೆ ವಾರ್ನಿಂಗ್ ಎಂದು ಒಂದು ಸಾಲು ತೋರಿಸಿ ಮುಂದಕ್ಕೆ ಹೋಗುತ್ತದೆ. ನಾನು ಸೇರಿದ ದಿನ ಆ ಲೈಬ್ರರಿಯನ್ನು ಕಂಪೈಲ್ ಮಾಡಿದಾಗ ವಾರ್ನಿಂಗುಗಳು ಪರದೆ ತುಂಬಿ ಹರಿದವು. ನಾನು ಗಾಬರಿಯಾಗಿ ಗುರುಮಲ್ಲಪ್ಪನವರ ಮುಖ ನೋಡಿದೆ.

"ಅಲ್ಲಿ ಲೊಚಗುಟ್ತು ಅಂತ ಯಾರಾದ್ರೂ ಬಸ್ಸು ಇಳ್ದು ಮನೆಗೆ ವಾಪಸ್ ಓಗ್ತಾರಾ ಮಂಗಳಮ್ಮ?" ಎಂದರು. "ಅವು ಲೊಚಗುಟ್ಟೋವು. ನೀನು ನಡಿ."

ನಾನು ಹಲ್ಲಿಶಕುನ ನಂಬುವವಳಲ್ಲ. ಆದರೆ ಈ ಹಲ್ಲಿ ಸುಮ್ಮನೆ ಲೊಚಗುಟ್ಟುವುದಿಲ್ಲ ಎಂಬುದು ಒಂದು ವರ್ಷ ತುಂಬುವುದರೊಳಗೆ ಗೊತ್ತಾಯಿತು.

ಯಳಂದೂರಿನ ಒಂದು ಭತ್ತದ ಮಿಲ್ಲಿಗೆ ಹೊಸ ಪ್ರೋಗ್ರಾಮು ಹಾಕಿ ಬಂದಿದ್ದೆವು. ಮಾರನೆಯ ದಿನವೇ ಮಿಲ್ಲಿನ ರೈಟರ್ ಫೋನು ಮಾಡಿದ. "ಮ್ಯಾಡಮ್ಮಾರೆ, ನಿಮ್ ಮಿಸಿನ್ನು ಬತ್ತ ತೂಗ್ತಾ ಇಲ್ಲ ಕಣ್ರಿ. ಬಿಳಿಗಿರಿ ಬೆಟ್ಟನೇ ತಕ್ಕಡಿ ಮ್ಯಾಲೆ ಎತ್ತಿಟ್ಟಂಗದೆ. ಅಷ್ಟುದ್ದ ಲೆಕ್ಕ ಬತ್ತಾ ಅದೆ." ಹೋಗಿ ನೋಡಿದರೆ ನಿಜ. ಗುರುಮಲ್ಲಪ್ಪನವರು ತಕ್ಕಡಿಯ ಕೇಬಲ್ಲು ಬದಲಾಯಿಸಿದರು, ಪ್ಲಗ್ಗು ಬದಲಾಯಿಸಿದರು, ಮಿಲ್ಲಿನವರ ಕರೆಂಟನ್ನು ಬೈದರು. ನಾನು ಕಚೇರಿಗೆ ಬಂದು ಆ ಪ್ರೋಗ್ರಾಮಿನ ವಾರ್ನಿಂಗುಗಳನ್ನು ಕೂತು ಒಂದೊಂದಾಗಿ ಓದಿದೆ. ಅದರಲ್ಲಿ ಒಂದು, ಈ ಕೆಲಸಗಾರ ಏನು ತಂದುಕೊಡುತ್ತಾನೆಂದು ನೀವು ನನಗೆ ಮೊದಲೇ ಹೇಳಿಲ್ಲ, ಎಂದು ಹೇಳುತ್ತಿತ್ತು. ತೂಕ ಓದುವ ಭಾಗ ದಶಾಂಶದ ಸಂಖ್ಯೆ ತಂದುಕೊಡುತ್ತಿತ್ತು, ಹೇಳದೆ ಇದ್ದದ್ದರಿಂದ ಕಂಪೈಲರ್ ಅದನ್ನು ಪೂರ್ಣ ಸಂಖ್ಯೆ ಎಂದೇ ತಿಳಿದಿತ್ತು. ಮೇಲೆ ಅದನ್ನು ಹೇಳುವ ಒಂದು ಸಾಲು ಸೇರಿಸಿದೆ. ಬೆಟ್ಟ ಇಳಿದು ಭತ್ತ ಬಂತು.

ಮಿಲ್ಲಿನವರು ಒಂದು ಪಡಿ ಹೊಸ ಅಕ್ಕಿ ಕೊಟ್ಟು ಕಳಿಸಿದರು. ಅವತ್ತೇ ನಾನು ನಿಶ್ಚಯ ಮಾಡಿದೆ, ನನ್ನ ಕೈಯಿಂದ ಹೊರಗೆ ಹೋಗುವ ಪ್ರೋಗ್ರಾಮು ಒಂದೂ ವಾರ್ನಿಂಗ್ ಇಲ್ಲದೆ ಹೋಗಬೇಕು ಅಂತ. ನನ್ನ ಪ್ರೋಗ್ರಾಮುಗಳನ್ನು ಹಾಗೇ ಮಾಡಿದೆ. ಆದರೆ ಲೈಬ್ರರಿ ಗುರುಮಲ್ಲಪ್ಪನವರದ್ದು. ಅಲ್ಲಿ ಕೈ ಹಾಕಲು ಬಿಡಲಿಲ್ಲ.

ಅವರ ಬರವಣಿಗೆಯಲ್ಲಿ ಎರಡು ಅಭ್ಯಾಸ ಇತ್ತು. ಇವೆರಡನ್ನೂ ಹೇಳದೆ ಮುಂದಿನ ಕಥೆ ಅರ್ಥವಾಗದು. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವವನು ಮೊದಲನೆಯ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾನೆ. ಲಾಭ, ಎರಡು, ಮೂರು, ಹೀಗೆ ಎಣಿಕೆ. ಧಾನ್ಯದ ಮನೆತನದ ಗುರುಮಲ್ಲಪ್ಪನವರು ಸಂಖ್ಯೆಗಳ ಸಾಲನ್ನು ಎಲ್ಲೆಲ್ಲಿ ಬರೆದರೂ ಅದಕ್ಕಿಂತ ಮೊದಲು ಲಾಭ ಎಂಬ ಹೆಸರಿನಲ್ಲಿ ಒಂದು ಖಾಲಿ ಜಾಗ ಬರೆದಿಡುತ್ತಿದ್ದರು. ಅದರಿಂದ ಯಾವ ಕೆಲಸವೂ ಇಲ್ಲ. ನಾವು ಕಾಗದದ ಮೇಲ್ತುದಿಯಲ್ಲಿ ಶ್ರೀ ಬರೆಯುತ್ತೇವಲ್ಲ, ಹಾಗೆ. ಕಂಪೈಲರು ಪ್ರತಿ ಸಲವೂ, ಲಾಭ ಎಂದು ಹೇಳಿದ್ದೀರಿ ಆದರೆ ಎಲ್ಲೂ ಬಳಸಿಲ್ಲ, ಎಂದು ವಾರ್ನಿಂಗ್ ಕೊಡುತ್ತಿತ್ತು.

ಇನ್ನೊಂದು ಅಭ್ಯಾಸ ಸೊನ್ನೆಯದು. ಸಿ ಭಾಷೆಯಲ್ಲಿ ಹತ್ತು ಸಂಖ್ಯೆ ಇಡಲು ಗೋಡೆಯಲ್ಲಿ ಗೂಡು ಕೊರೆದ ಹಾಗೆ ಹತ್ತು ಗೂಡು ಕೇಳಿದರೆ, ಅವುಗಳ ಹೆಸರು ಸೊನ್ನೆಯಿಂದ ಒಂಬತ್ತು. ಗುರುಮಲ್ಲಪ್ಪನವರು ಇದನ್ನು ಒಪ್ಪುತ್ತಿರಲಿಲ್ಲ.

"ಸೊನ್ನೆಯಿಂದ ಯಾವನು ಅಳೀತಾನಮ್ಮ? ಸೊನ್ನೆ ಅಂದ್ರೆ ರಾಸಿ ಮುಗ್ದೋಗದೆ ಅಂತ. ಆ ಗೂಡು ದೇವ್ರಿಗೆ ಬುಡು" ಎನ್ನುತ್ತಿದ್ದರು. ಹಾಗಾಗಿ ಸೊನ್ನೆಯ ಗೂಡು ಯಾವಾಗಲೂ ಖಾಲಿ. ಒಂದರಿಂದ ತುಂಬುವುದು.

ತೊಂಬತ್ತರ ದಶಕದ ನಡುವೆ ಮೈಸೂರಿನ ಒಂದು ದೊಡ್ಡ ಗಿರಾಕಿ, ವಾರ್ನಿಂಗ್ ಇಲ್ಲದ ಲೈಬ್ರರಿ ಕೊಟ್ಟರೆ ಮಾತ್ರ ತಗೊಳ್ಳುತ್ತೇವೆ ಎಂದು ಹೇಳಿಕಳಿಸಿದರು. ನಾನು ಏಳೆಂಟು ವರ್ಷದಿಂದ ಹೇಳಿದ್ದಕ್ಕೆ ಕೇಳದ ಗುರುಮಲ್ಲಪ್ಪನವರು ಅವರು ಒಂದು ಸಲ ಹೇಳಿದ್ದಕ್ಕೆ ಕೇಳಿದರು. ನಾನು ತಂಗಿಯ ಮದುವೆಗೆ ರಜ ಹಾಕಿದ್ದೆ. ಆಗ ಹೊಸದಾಗಿ ಸೇರಿದ್ದ ರವಿ ಎಂಬ ಇಂಜಿನಿಯರು ಆ ಕೆಲಸವನ್ನು ಕೈಗೆತ್ತಿಕೊಂಡು, ನಾನು ವಾಪಸು ಬರುವಷ್ಟರಲ್ಲಿ ಮುಗಿಸಿಬಿಟ್ಟಿದ್ದ.

"ಮೇಡಂ, ಪರದೆ ನೋಡಿ. ಕನ್ನಡಿ ಇದ್ದಂಗಿದೆ" ಎಂದ. ನಿಜವಾಗಿಯೂ ಒಂದೂ ವಾರ್ನಿಂಗ್ ಇರಲಿಲ್ಲ. ನನಗೆ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಹೊಸ ಲೈಬ್ರರಿ ಮೈಸೂರಿಗೂ ಹೋಯಿತು, ನಮ್ಮ ಹಳೆ ಗಿರಾಕಿಗಳಲ್ಲಿ ಮೊದಲಿಗೆ ಹನೂರಿನ ಒಂದು ರಾಗಿ ಮಂಡಿಗೂ ಹೋಯಿತು.

ಆ ಮಂಡಿಯಲ್ಲಿ ತೂಕ ಹಾಕುವವನು ಸಿದ್ದಣ್ಣ, ಕೌದಳ್ಳಿಯವನು. ಚೀಲವನ್ನು ಬೆನ್ನ ಮೇಲೆ ಹೊತ್ತು ತಂದು ತಕ್ಕಡಿ ಮೇಲೆ ಇಳಿಸಿ, ಎಣಿಕೆ ಕೂಗಿ, ಕಂಪ್ಯೂಟರಿನ ಗುಂಡಿ ಒತ್ತುವುದು ಎಲ್ಲ ಅವನೇ. ಅವನ ಅಪ್ಪನೂ ಅದೇ ಮಂಡಿಯಲ್ಲಿ ಕಬ್ಬಿಣದ ತಕ್ಕಡಿ ಹಿಡಿದವನು. ಸಿದ್ದಣ್ಣ ತೂಗಿದ ಎಂದರೆ ರೈತನೂ ತಿರುಗಿ ಕೇಳುತ್ತಿರಲಿಲ್ಲ, ಕೊಳ್ಳುವವನೂ ತಿರುಗಿ ಕೇಳುತ್ತಿರಲಿಲ್ಲ.

ಒಂದು ಗುರುವಾರ ಅವನು ನಮ್ಮ ಮಹಡಿ ಹತ್ತಿ ಬಂದ. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಅಮ್ಮಾರೆ, ನನ್ನ ಕಳ್ಳ ಅಂತಾವ್ರೆ" ಎಂದ.

ಆದದ್ದು ಇಷ್ಟು. ಕೊಳ್ಳುವವರು ರಾಗಿಯನ್ನು ತಮ್ಮ ಕಡೆ ಮತ್ತೆ ತೂಗಿದಾಗ ಕೆಲವು ಚೀಟಿಗಳಲ್ಲಿ ತೂಕ ಹೆಚ್ಚಿಗೆ ಇತ್ತು. ಅಷ್ಟಿಷ್ಟಲ್ಲ, ಸರಿಯಾಗಿ ಒಂದು ಚೀಲದಷ್ಟು. ಇಲ್ಲದ ಚೀಲವೊಂದು ಚೀಟಿಯಲ್ಲಿ ಬಂದು ಕೂತಿತ್ತು. ಅಂಥ ಚೀಟಿ ಹೆಚ್ಚಾಗಿ ಸಿಕ್ಕಿದ್ದು ಕೌದಳ್ಳಿ ರೈತರದ್ದು. ಸಿದ್ದಣ್ಣ ತನ್ನ ಊರಿನವರಿಗಾಗಿ ಕೈಚಳಕ ತೋರಿಸಿದ್ದಾನೆ ಎಂದು ಮಾತಾಯಿತು. ಮಂಡಿ ಯಜಮಾನರು ಪೊಲೀಸು ಗಿಲೀಸು ಬೇಡವೆಂದು, ಬರುವ ಸೋಮವಾರ ಮಂಡಿಯಲ್ಲೇ ಎಲ್ಲರೆದುರು ಕರ್ಪೂರ ಹಚ್ಚಿ, ಅದನ್ನು ಅಂಗೈಯಲ್ಲಿ ಆರಿಸಿ ಮಾದಪ್ಪನ ಹೆಸರಿನಲ್ಲಿ ಆಣೆ ಮಾಡು ಎಂದಿದ್ದರು.

"ಮಾಡು, ಕದ್ದಿಲ್ಲ ಅಂದ್ಮೇಲೆ ಏನು ಭಯ?" ಎಂದ ರವಿ.

ಸಿದ್ದಣ್ಣ ಅವನನ್ನು ನೋಡಲೂ ಇಲ್ಲ. "ಆಣೆ ಮಾಡಕ್ಕೆ ನಂಗೇನು ಭಯ ಇಲ್ಲ ಅಮ್ಮಾರೆ. ಆದ್ರೆ ಆಣೆ ಆಕುಸ್ಕಂಡೋನು ಅನ್ನೋ ಎಸ್ರು ಓಗಲ್ಲ. ನಮ್ಮಪ್ಪ ತೂಗ್ದ ಜಾಗ ಅದು. ಅಲ್ಲಿ ಯಾರೂ ನಮ್ಮನ್ನ ಆಣೆ ಕೇಳಿರ್ನಿಲ್ಲ" ಎಂದ.

ಗುರುಮಲ್ಲಪ್ಪನವರು ಒಳಗಿನ ಕೋಣೆಯಿಂದ ಬಂದು, "ನಮ್ ಲೈಬ್ರರಿ ಕೂಡೋದ್ರಲ್ಲಿ ತಪ್ಪು ಮಾಡಲ್ಲ ಕಣಪ್ಪ. ಇಷ್ಟು ವರ್ಸ ಮಾಡಿಲ್ಲ" ಎಂದರು. ಇಷ್ಟು ವರ್ಷ ಮಾಡಿರಲಿಲ್ಲ ಎನ್ನುವುದು ನಿಜ. ನನಗೆ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗುತ್ತಿದೆ ಎಂದು ಅವರ ಮುಖಕ್ಕೇ ಹೇಳಿ, ಸಿದ್ದಣ್ಣನ ಜೊತೆ ಅದೇ ಬಸ್ಸಿಗೆ ಹನೂರಿಗೆ ಹೊರಟೆ.

ಮಂಡಿಯಲ್ಲಿ ಅವನಿಗೆ ಮಾಮೂಲಿನಂತೆ ತೂಗು ಎಂದು ಹೇಳಿ, ಪರದೆ ಮುಂದೆ ಕೂತೆ. ನಮ್ಮ ಚೀಟಿಯಲ್ಲಿ ಹತ್ತು ಚೀಲಕ್ಕೆ ಜಾಗ, ಹೆಚ್ಚಿದ್ದರೆ ಎರಡನೇ ಚೀಟಿ. ಮೊದಲ ರೈತ ಆರು ಚೀಲ ತಂದಿದ್ದ. ಕಾಗದದ ಮೇಲೆ ನಾನೇ ಕೂಡಿ ನೋಡಿದೆ, ಸರಿ ಇತ್ತು. ಇನ್ನೊಬ್ಬನದು ಒಂಬತ್ತು. ಅದೂ ಸರಿ. ಮೂರನೆಯವನು ಕೌದಳ್ಳಿಯವನು, ಗಾಡಿ ತುಂಬ ತಂದಿದ್ದ. ಸಿದ್ದಣ್ಣ ಮೊದಲ ಚೀಲ ಇಳಿಸಿ "ಲಾಭ" ಎಂದು ಕೂಗಿದ. ಎರಡು, ಮೂರು ಎಂದು ಹತ್ತಕ್ಕೆ ಬಂದ. ಚೀಟಿ ಬಂತು. ಕೂಡಿದೆ. ಒಂದು ಚೀಲ ಹೆಚ್ಚು.

ತುಂಬಿದ ಚೀಟಿಯಲ್ಲಿ ಮಾತ್ರ ತಪ್ಪು. ದೂರದ ಊರಿನಿಂದ ಗಾಡಿ ಕಟ್ಟಿಕೊಂಡು ಬರುವವರು ಚೀಟಿ ತುಂಬುವಷ್ಟು ತರುತ್ತಾರೆ, ಹತ್ತಿರದವರು ನಾಲ್ಕಾರು ಚೀಲ ತರುತ್ತಾರೆ. ಕೌದಳ್ಳಿಯವರ ಚೀಟಿಯೇ ಯಾಕೆ ಹೆಚ್ಚು ಸಿಕ್ಕಿತು ಎನ್ನುವುದಕ್ಕೆ ಅಲ್ಲೇ ಉತ್ತರ ಇತ್ತು. ಆದರೆ ಹತ್ತನೇ ಚೀಲಕ್ಕೆ ಏನಾಗುತ್ತಿದೆ?

ಮುಂದಿನ ಗಾಡಿಗೆ ಸಿದ್ದಣ್ಣ ಮತ್ತೆ "ಲಾಭ" ಎಂದ. ನಾನು ಕೂತಲ್ಲೇ ನೆಟ್ಟಗಾದೆ. ರವಿಯ ಕನ್ನಡಿಯಂಥ ಪರದೆಯಲ್ಲಿ ಲಾಭ ಇರಲಿಲ್ಲ. ಬಳಸಿಲ್ಲ ಎಂದು ಕಂಪೈಲರು ಹೇಳಿತು, ಅವನು ಎಲ್ಲ ಕಡೆಯಿಂದಲೂ ಅಳಿಸಿಹಾಕಿದ್ದ.

ಕೊಳ್ಳೇಗಾಲಕ್ಕೆ ಬಂದು ಹಳೆಯ ಬರಹ, ರವಿಯ ಬರಹ ಎರಡನ್ನೂ ಅಚ್ಚು ಹಾಕಿ ಮೇಜಿನ ಮೇಲೆ ಅಕ್ಕಪಕ್ಕ ಹರಡಿದೆ. ಗುರುಮಲ್ಲಪ್ಪನವರು ಸೊನ್ನೆಯ ಗೂಡು ದೇವರಿಗೆ ಬಿಡುತ್ತಿದ್ದರಿಂದ ಹತ್ತು ಚೀಲಕ್ಕೆ ಹನ್ನೊಂದು ಗೂಡು ಬೇಕು. ಬೇರೆಲ್ಲ ಕಡೆ ಲೆಕ್ಕವಾಗಿ ಒಂದು ಗೂಡು ಹೆಚ್ಚಿಗೇ ಕೇಳಿದ್ದರು. ಚೀಟಿಯ ಜಾಗದಲ್ಲಿ ಮಾತ್ರ, ಚೀಟಿಗೆ ಹತ್ತು ಸಾಲು ಎಂಬ ಗುಂಗಿನಲ್ಲಿ ಹತ್ತೇ ಗೂಡು ಕೇಳಿದ್ದರು. ಹತ್ತನೇ ಚೀಲ ಹೋಗಿ ಇಲ್ಲದ ಗೂಡಿನಲ್ಲಿ ಕೂರುತ್ತಿತ್ತು, ಎಂದರೆ ಪಕ್ಕದ ಮನೆಯಲ್ಲಿ. ಸಿ ಭಾಷೆ ಇದನ್ನು ತಡೆಯುವುದಿಲ್ಲ, ನೀವು ಇಟ್ಟರೆ ಇಟ್ಟಿರಿ ಎನ್ನುತ್ತದೆ. ನಮ್ಮ ಕಂಪೈಲರು ಮೊದಲು ಬರೆದದ್ದಕ್ಕೆ ಸಾಲಿನ ಕೊನೆಯಾಚೆ ಜಾಗ ಕೊಡುತ್ತಿತ್ತು, ಹಾಗಾಗಿ ಪಕ್ಕದ ಮನೆಯಲ್ಲಿ ಇದ್ದದ್ದು ಲಾಭ. ಖಾಲಿ ಮನೆ, ಕೇಳುವವರಿಲ್ಲ. ವರ್ಷಾನುಗಟ್ಟಲೆ ಹತ್ತನೇ ಚೀಲ ಅಲ್ಲಿ ಮಲಗೆದ್ದು ಹೋಗುತ್ತಿತ್ತು, ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ರವಿ ಲಾಭವನ್ನು ಎಬ್ಬಿಸಿ ಕಳಿಸಿದ ಮೇಲೆ ಪಕ್ಕದಲ್ಲಿ ಸಿಕ್ಕಿದ್ದು ಬಿಡಿ ತೂಕದ ಜಾಗ. ಚೀಲ ತುಂಬದೆ ಉಳಿದ ರಾಗಿಯನ್ನು ಬೇರೆ ತೂಗಿ ಒಟ್ಟಿಗೆ ಸೇರಿಸಲು ಇಟ್ಟದ್ದು ಅದು. ಹತ್ತನೇ ಚೀಲದ ತೂಕ ಅಲ್ಲೂ ಕೂತಿತು, ಒಟ್ಟಿನಲ್ಲಿ ಎರಡು ಸಲ ಸೇರಿತು.

ದೇವರಿಗೆಂದು ಗೂಡು ಬಿಟ್ಟದ್ದರಿಂದ ಆದ ತಪ್ಪನ್ನು, ದೇವರ ಹೆಸರಿನ ಹಾಗೆ ಬರೆದ ಲಾಭವೇ ಇಷ್ಟು ವರ್ಷ ಮುಚ್ಚಿಟ್ಟಿತ್ತು. ಮೈಸೂರಿನವರೂ ಬೆಂಗಳೂರಿನವರೂ ಮಾಡಲಾರದ ತಪ್ಪು ಇದು, ಬಂಡಳ್ಳಿಯ ಕಣದಲ್ಲಿ ಎಣಿಕೆ ಕಲಿತವರು ಮಾತ್ರ ಮಾಡಬಲ್ಲದ್ದು.

ರವಿ ಮುಖ ಬಾಡಿಸಿಕೊಂಡು ನಿಂತಿದ್ದ. "ಲೇ ರವಿ, ನೀನು ತೆಗೆದದ್ದು ತಪ್ಪಲ್ಲ. ಅದು ಯಾಕಲ್ಲಿ ಇತ್ತು ಅಂತ ಕೇಳದೆ ತೆಗೆದೆಯಲ್ಲ, ಅಷ್ಟೇ ತಪ್ಪು" ಎಂದೆ. ವಾರ್ನಿಂಗನ್ನು ಬಾಯಿ ಮುಚ್ಚಿಸುವುದು ಬೇರೆ, ಅದರ ಮಾತು ಕೇಳುವುದು ಬೇರೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನನ್ನ ಬುದ್ಧಿಮಾತು ಇದೊಂದೇ.

ಗುರುಮಲ್ಲಪ್ಪನವರಿಗೆ ಎರಡು ಹಾಳೆಗಳನ್ನೂ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಅತ್ತೇ ಗೂಡು ಬರ್ದವ್ನಿ ಅಲ್ವಾ" ಎಂದರು. ಆಮೇಲೆ, "ಸೋಮವಾರ ಎಷ್ಟೊತ್ಗೆ ಅಂತೆ ಆಣೆ?" ಎಂದು ಕೇಳಿದರು.

ಸೋಮವಾರ ಬೆಳಿಗ್ಗೆ ನಾವು ಮೂವರೂ ಹನೂರಿಗೆ ಹೋದೆವು. ಮಂಡಿಯ ಅಂಗಳದಲ್ಲಿ ಜನ ಸೇರಿದ್ದರು. ಸಿದ್ದಣ್ಣ ಮಿಂದು ಒದ್ದೆ ಪಂಚೆಯಲ್ಲಿ ನಿಂತಿದ್ದ, ಹಣೆ ತುಂಬ ವಿಭೂತಿ. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಅವನು ಕೈ ಚಾಚುವುದಕ್ಕೂ ಗುರುಮಲ್ಲಪ್ಪನವರು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ತಟ್ಟೆ ಮೇಲೆ ತಮ್ಮ ಅಂಗೈ ಇಟ್ಟು ಕರ್ಪೂರ ಆರಿಸುವುದಕ್ಕೂ ಸರಿಹೋಯಿತು.

"ಮಾದಪ್ಪನಾಣೆ, ತಪ್ಪು ಇವನ್ದಲ್ಲ. ನಂದು, ನನ್ ಬರವಣಿಗೇದು" ಎಂದರು.

ಮಂಡಿ ಯಜಮಾನರು, "ಇದೇನು ಸಾಮಿ, ನೀವು ದೊಡ್ಡೋರು..." ಎಂದು ಎದ್ದು ನಿಂತರು.

"ದೊಡ್ಡೋನು ಅಂತಲೇ ಯಾರೂ ನನ್ನ ಆಣೆ ಕೇಳ್ನಿಲ್ಲ. ಇವನ್ನ ಕೇಳುದ್ರಿ" ಎಂದು ಗುರುಮಲ್ಲಪ್ಪನವರು ನನ್ನ ಕಡೆ ತಿರುಗಿ, "ತೋರ್ಸು ಮಂಗಳಮ್ಮ" ಎಂದರು.

ನಾನು ಎಲ್ಲರೆದುರು ಒಂಬತ್ತು ಚೀಲ ತೂಗಿಸಿ ಚೀಟಿ ತೆಗೆದೆ, ಹತ್ತು ಚೀಲ ತೂಗಿಸಿ ಚೀಟಿ ತೆಗೆದೆ. ಕೊಳ್ಳುವವರೇ ಕೂಡಿ ನೋಡಿದರು. ಆಮೇಲೆ ಸರಿಮಾಡಿದ ಫ್ಲಾಪಿ ಹಾಕಿ ಅದೇ ಹತ್ತು ಚೀಲ ಮತ್ತೆ ತೂಗಿಸಿದೆ. ಇಲ್ಲದ ಚೀಲ ಹೊರಟುಹೋಗಿತ್ತು. ಮಂಡಿ ಯಜಮಾನರು ತಮ್ಮ ಹೆಗಲ ಮೇಲಿನ ಟವೆಲ್ಲು ತೆಗೆದು ಸಿದ್ದಣ್ಣನಿಗೆ ಹೊದಿಸಿದರು. ಅವನು ಗುರುಮಲ್ಲಪ್ಪನವರ ಸುಟ್ಟ ಅಂಗೈಗೆ ಹಚ್ಚಲು ಎಲ್ಲಿಂದಲೋ ಬೆಣ್ಣೆ ತಂದ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ, ನನ್ನ ಬಗ್ಗೆಯೂ, ನನ್ನ ಯಜಮಾನರ ಬಗ್ಗೆಯೂ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು, "ಆ ಲೈಬ್ರರಿ ತಗ್ದಾಕು. ಒಸದು ಬರಿ. ನಿಂಗೆ ಸರಿ ಕಂಡಂಗೆ" ಎಂದರು.

ಹೇಳಿದಷ್ಟು ಸುಲಭವಲ್ಲ ಅದು. ಊರೂರಿನ ಮಂಡಿಗಳು ನಿಂತಿದ್ದೇ ಆ ಹಳೆಯ ಗಂಟಿನ ಮೇಲೆ. ನಾನೂ ರವಿಯೂ ಹೊಸದನ್ನು ಹಳೆಯದರ ಪಕ್ಕದಲ್ಲೇ ಕಟ್ಟಿದೆವು. ಎರಡೂ ಒಂದೇ ಉತ್ತರ ಕೊಡುತ್ತವೆಯೇ ಎಂದು ನೋಡಿದ ಮೇಲೆ ಒಂದೊಂದೇ ಊರನ್ನು ಈ ಕಡೆಗೆ ದಾಟಿಸಿದೆವು. ಮೊದಲು ಯಳಂದೂರು, ಆಮೇಲೆ ಸತ್ತೇಗಾಲ. ಹಳೆಯ ಭಾಗವನ್ನು ಯಾರೂ ಕರೆಯುತ್ತಿಲ್ಲ ಎಂದು ಖಾತ್ರಿಯಾದ ಮೇಲೇ ಅದನ್ನು ತೆಗೆಯುತ್ತಿದ್ದೆವು. ಎರಡು ಸಾವಿರದ ಇಸವಿ ಬಂದಾಗ ಲೋಕವೆಲ್ಲ ಕಂಪ್ಯೂಟರಿನ ತಾರೀಖು ಕೆಟ್ಟುಹೋಗುತ್ತದೆಂದು ಹೆದರಿತ್ತು, ನಾವು ತಾರೀಖಿನ ಭಾಗವನ್ನು ಅಷ್ಟರಲ್ಲೇ ಎಲ್ಲ ಊರಿಗೂ ಹಾಕಿ ಮುಗಿಸಿ ಆರಾಮಾಗಿ ಊಟ ಮಾಡಿ ಮಲಗಿದೆವು. ರವಿ ಆಮೇಲಾಮೇಲೆ ನನಗಿಂತ ಗಟ್ಟಿಗನಾದ. ಒಂದು ಸಾಲು ಅಳಿಸಬೇಕಾದರೂ ನನ್ನ ಹತ್ತಿರ ಬಂದು, "ಇದು ಯಾಕಿದೆ ಮೇಡಂ?" ಎಂದು ಪ್ರಾಣ ತಿನ್ನುತ್ತಿದ್ದ.

ಹನೂರಿನ ಮಂಡಿ ಕೊನೆಗೆ ಉಳಿಯಿತು. ಹೊಸ ಕಂಪ್ಯೂಟರು ಕೊಳ್ಳಲು ಅವರು ತಡ ಮಾಡಿದರು. ಎರಡು ಸಾವಿರದ ನಾಲ್ಕರಲ್ಲಿ ನಾನೇ ಹೋಗಿ ಹೊಸ ಪ್ರೋಗ್ರಾಮು ಹಾಕಿದೆ. ಗುರುಮಲ್ಲಪ್ಪನವರಿಗೆ ಆಗ ಕಣ್ಣು ಮಂಜಾಗಿತ್ತು, ಆದರೂ ಬರುತ್ತೇನೆಂದು ಹಟ ಹಿಡಿದು ಬಂದರು. ಹಳೆಯ ಯಂತ್ರದಿಂದ ಅವರ ಲೈಬ್ರರಿಯನ್ನು ಅಳಿಸುವಾಗ ಗುಂಡಿ ಒತ್ತಲು ಅವರ ಬೆರಳನ್ನೇ ಹಿಡಿದು ಇಟ್ಟೆ. ಒತ್ತಿದರು.

ಸಿದ್ದಣ್ಣ ತಲೆ ನರೆತಿದ್ದರೂ ಚೀಲ ಹೊರುವುದು ಬಿಟ್ಟಿರಲಿಲ್ಲ. ಮೊದಲ ಚೀಲ ಇಳಿಸಿ, ಬೆನ್ನು ನೆಟ್ಟಗೆ ಮಾಡಿ, "ಲಾಭ" ಎಂದು ಕೂಗಿದ. ಪರದೆಯಲ್ಲಿ ತೂಕ ಮೂಡಿತು.

"ಯಾವ ಗೂಡ್ಗೆ ಓಯ್ತಮ್ಮ ಅದು?" ಎಂದು ಗುರುಮಲ್ಲಪ್ಪನವರು ಕೇಳಿದರು.

"ಸೊನ್ನೆ ಗೂಡಿಗೆ ಸಾರ್. ಈಗ ಅದು ಖಾಲಿ ಇಲ್ಲ."

ಅವರು ಮಂಜುಗಣ್ಣಿನಲ್ಲೇ ಪರದೆಯ ಹತ್ತಿರ ಬಾಗಿದರು. "ಅಲ್ಲಿಗೆ, ಇಷ್ಟು ವರ್ಸ ದೇವ್ರಿಗೆ ಬುಟ್ಟ ಜಾಗ್ದಲ್ಲಿ ಸಿದ್ದನ ಚೀಲ ಕುಂತ್ಕತು ಅನ್ನು" ಎಂದರು. "ಕುಂತ್ಕಳ್ಲಿ. ಅದು ಅವನ್ದೇ."

ಸಿದ್ದಣ್ಣನಿಗೆ ಅದು ಕೇಳಿಸಲಿಲ್ಲ. ಅಷ್ಟರಲ್ಲಿ ಮುಂದಿನ ಚೀಲಕ್ಕೆ ಬೆನ್ನು ಕೊಟ್ಟು ಬಂದು, ಇಳಿಸಿ, ಇಡೀ ಮಂಡಿಗೆ ಕೇಳುವ ಹಾಗೆ "ಎರಡು" ಎಂದ.